ಎಂಜಿನ್ ಬ್ರೇಕಿಂಗ್: ಗೇರಿನ ಕಾರು ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೇರಿನ ಕಾರು ಓಡಿಸುವವರ ನಡುವೆ ಈ ಮಾತು ಎತ್ತಿದರೆ ಸಾಕು, ಎರಡು ಬಣಗಳಾಗುತ್ತವೆ. ಗೇರಿನಿಂದಲೇ ಕಾರನ್ನು ಹಿಡಿತಕ್ಕೆ ತರುವವನೇ ನುರಿತ ಚಾಲಕ ಎನ್ನುವವರು ಒಂದು ಕಡೆ. ಹಾಗೆ ಮಾಡಿದರೆ ಎಂಜಿನ್ ಎಕ್ಕುಟ್ಟಿಹೋಗುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅರ್ಧ ಸರಿ. ಹೊಸದಾಗಿ ಕಲಿಯುವವರಿಂದಲೂ ವರ್ಷಗಟ್ಟಲೆ ಓಡಿಸಿದವರಿಂದಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಮೊದಲ ಹೆಜ್ಜೆ

ಎಂಜಿನ್ ಬ್ರೇಕಿಂಗ್ ಎಂದರೇನು? ನನ್ನ ಕಾರಿನಲ್ಲಿ ಅದು ಇದೆಯೇ?

ಇದೆ, ನೀವು ಅದನ್ನು ದಿನವೂ ಬಳಸುತ್ತಿದ್ದೀರಿ. ಮೂರನೇ ಗೇರಿನಲ್ಲಿ ಓಡುವಾಗ ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು ನೋಡಿ. ಬ್ರೇಕ್ ಮುಟ್ಟದಿದ್ದರೂ ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದಂತೆ ಕಾರು ನಿಧಾನವಾಗುತ್ತದೆ. ಅಲ್ಲಿಯವರೆಗೆ ಎಂಜಿನ್ ಚಕ್ರಗಳನ್ನು ತಿರುಗಿಸುತ್ತಿತ್ತು. ಈಗ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿವೆ, ಅದಕ್ಕೆ ಬೇಕಾದ ಶಕ್ತಿ ಕಾರಿನ ಓಟದಿಂದಲೇ ಖರ್ಚಾಗುತ್ತಿದೆ. ಗೇರು ಕೆಳಗಿನದಾದಷ್ಟೂ ಹಿಡಿತ ಬಿಗಿ. ಐದರಲ್ಲಿ ಅದು ಇದ್ದೂ ಇಲ್ಲದಂತೆ, ಎರಡರಲ್ಲಿ ಮೈ ಮುಂದಕ್ಕೆ ವಾಲುವಷ್ಟು. ಕ್ಲಚ್ ಒತ್ತಿದ ಕ್ಷಣ ಅಥವಾ ನ್ಯೂಟ್ರಲ್‌ಗೆ ತಂದ ಕ್ಷಣ ಆ ಹಗ್ಗ ಕಡಿದಂತೆಯೇ ಸರಿ.

ಪೆಟ್ರೋಲೇ ಕೊಡದಿದ್ದಾಗ ಎಂಜಿನ್ ಕಾರನ್ನು ಹಿಡಿಯುವುದು ಹೇಗೆ?

ಸೂಜಿ ತೆಗೆದ ಸಿರಿಂಜಿನ ಬಾಯನ್ನು ಬೆರಳಿನಿಂದ ಮುಚ್ಚಿ, ಅದರ ಹಿಂಬದಿಯನ್ನು ಎಳೆದು ನೋಡಿ. ಕೈಗೆ ಸಿಗುವ ಆ ಬಿಗುವೇ ಉತ್ತರ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದ ಕೂಡಲೇ ಗಾಳಿ ಒಳಹೋಗುವ ದಾರಿಯ ಥ್ರಾಟಲ್ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಸಿಲಿಂಡರುಗಳೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯುವ ಕೆಲಸ ಬಿಡುವುದಿಲ್ಲ. 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6000 ಸಲ ಹೀಗೆ ಸಿಗದ ಗಾಳಿಗಾಗಿ ಹೆಣಗುತ್ತದೆ. ಇದಕ್ಕೆ ಪಿಸ್ಟನ್, ಬೇರಿಂಗ್, ಆಯಿಲ್ ಪಂಪ್‌ಗಳ ತಿಕ್ಕಾಟವೂ ಸೇರುತ್ತದೆ.

'ಕಂಪ್ರೆಷನ್ ಹಿಡಿಯುತ್ತದೆ' ಎಂಬ ಮಾತನ್ನು ನೀವು ಕೇಳಿರಬಹುದು. ಅದು ಬಹುಪಾಲು ತಪ್ಪು. ಅದುಮಿದ ಗಾಳಿ ಸ್ಪ್ರಿಂಗಿನಂತೆ ಮರುಕ್ಷಣವೇ ಪಿಸ್ಟನ್ನನ್ನು ಕೆಳಗೆ ತಳ್ಳಿ, ಪಡೆದ ಶಕ್ತಿಯಲ್ಲಿ ಹೆಚ್ಚಿನದನ್ನು ಹಿಂದಿರುಗಿಸಿಬಿಡುತ್ತದೆ. ಈ ಸ್ಪ್ರಿಂಗಿನ ಮಾತು ನೆನಪಿರಲಿ, ಡೀಸೆಲ್ ಎಂಜಿನ್ನಿನ ಬಗ್ಗೆ ಹೇಳುವಾಗ ಮತ್ತೆ ಬರುತ್ತದೆ.

ಎಂಜಿನ್ನೇ ಹಿಡಿಯುವುದಾದರೆ ಬ್ರೇಕ್ ಪೆಡಲ್ ಯಾಕೆ? ಯಾವಾಗ ಯಾವುದನ್ನು ಬಳಸಬೇಕು?

ನಾನು ಪಾಲಿಸುವ ಲೆಕ್ಕ ಸರಳ: ವೇಗ ಇಳಿಸುವುದು ಬ್ರೇಕಿನ ಕೆಲಸ, ಇಳಿಸಿದ ವೇಗ ಏರದಂತೆ ಕಾಯುವುದು ಗೇರಿನ ಕೆಲಸ. ಬ್ರೇಕ್ ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ, ಎಷ್ಟು ಬೇಕೋ ಅಷ್ಟೇ ಹಿಡಿಯುತ್ತದೆ, ಹಿಂದಿನವರಿಗೆ ಕೆಂಪು ದೀಪವನ್ನೂ ತೋರಿಸುತ್ತದೆ. ಆದರೆ ಬಹಳ ಹೊತ್ತು ಸತತವಾಗಿ ಹಿಡಿದಿರಲಾರದು, ಬಿಸಿಯಾಗುತ್ತದೆ. ಎಂಜಿನ್ ಹಾಗಲ್ಲ. ಅದರ ಬಲ ಸೀಮಿತ, ಆದರೆ ಗಂಟೆಗಟ್ಟಲೆ ಹಿಡಿದರೂ ದಣಿಯದು. ಬಿಸಿಯನ್ನು ಹೊರಹಾಕಲು ಅದಕ್ಕೆ ರೇಡಿಯೇಟರ್ ಇದೆ, ಆಯಿಲ್ ಇದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿದಾಗಲೇ ತೊಂದರೆ ಶುರು.

ಸಿಗ್ನಲ್ ಬಳಿ ನಿಲ್ಲುವಾಗ 5, 4, 3, 2 ಎಂದು ಒಂದೊಂದೇ ಗೇರು ಇಳಿಸುತ್ತಾ ಬರಬೇಕೇ?

ಬೇಕಿಲ್ಲ. ಬ್ರೇಕ್ ದುರ್ಬಲವಾಗಿದ್ದ ಕಾಲದ ಅಭ್ಯಾಸ ಅದು. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆಯಿರಿ, ಇದ್ದ ಗೇರಿನಲ್ಲೇ ಕಾರು ಉರುಳಲಿ, ಬೇಕಾದಷ್ಟು ಬ್ರೇಕ್ ಒತ್ತಿ. ಎಂಜಿನ್ ನಡುಗುವ ಸೂಚನೆ ಬಂದಾಗ, ಅಂದರೆ 1000 ಆರ್‌ಪಿಎಂ ಹತ್ತಿರ, ಕ್ಲಚ್ ಒತ್ತಿ ನಿಲ್ಲಿಸಿ. ನಿಲ್ಲುವ ಮೊದಲೇ ಹಸಿರು ಬಂದರೆ ಆಗಿನ ವೇಗಕ್ಕೆ ಹೊಂದುವ ಗೇರಿಗೆ ನೇರವಾಗಿ ಹಾಕಿ. ಐದರಿಂದ ಎರಡಕ್ಕೆ ಹಾರಿದರೂ ತಪ್ಪಿಲ್ಲ, ವೇಗ ಎರಡನೇ ಗೇರಿನದಾಗಿದ್ದರೆ ಸಾಕು.

ಬ್ರೇಕ್ ಒತ್ತಿದ ಕೂಡಲೇ ನನ್ನ ಎಡಗಾಲು ತಾನಾಗಿಯೇ ಕ್ಲಚ್ ಒತ್ತುತ್ತದೆ. ತಪ್ಪೇ?

ಕಲಿಯುವಾಗ ಎಂಜಿನ್ ಬಂದ್ ಆಗುವ ಹೆದರಿಕೆಯಿಂದ ಅಂಟಿಕೊಂಡ ಚಾಳಿ ಇದು, ಹತ್ತು ವರ್ಷ ಓಡಿಸಿದವರಲ್ಲೂ ಕಂಡಿದ್ದೇನೆ. ಕ್ಲಚ್ ಒತ್ತಿದಾಗ ಪುಕ್ಕಟೆ ಸಿಗುತ್ತಿದ್ದ ಹಿಡಿತವನ್ನು ನೀವೇ ಬಿಟ್ಟುಕೊಡುತ್ತೀರಿ. ಇಳಿಜಾರಿನಲ್ಲಂತೂ ಬ್ರೇಕ್ ಒತ್ತಿದರೂ ಕಾರು ಮುಂದಕ್ಕೆ ಜಾರಿದಂತೆ ಅನಿಸುವುದು ಇದರಿಂದಲೇ. ಮೊದಲು ಬ್ರೇಕ್, ಕೊನೆಯ ಗಳಿಗೆಯಲ್ಲಿ ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರೆ ಎಡಗಾಲು ಮಾತು ಕೇಳುತ್ತದೆ.

## ಇಂಧನ, ಸವಕಳಿ

ನಮ್ಮ ತಂದೆ ಇಳಿಜಾರು ಬಂದರೆ ನ್ಯೂಟ್ರಲ್ ಮಾಡುತ್ತಾರೆ, ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ. ನಿಜವೇ?

ಅವರು ಕಾರ್ಬ್ಯುರೇಟರ್ ಇದ್ದ ಕಾರಿನಲ್ಲಿ ಕಲಿತವರಿರಬೇಕು. ಆ ಕಾರುಗಳಲ್ಲಿ ಚಕ್ರಗಳು ಎಂಜಿನ್ನನ್ನು ತಿರುಗಿಸಿದಷ್ಟೂ ಪೆಟ್ರೋಲ್ ಒಳಗೆ ಎಳೆಯಲ್ಪಡುತ್ತಿತ್ತು, ಹಾಗಾಗಿ ಅವರ ಮಾತಿಗೆ ಆಗ ಅರ್ಥವಿತ್ತು. ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಲೆಕ್ಕ ತಲೆಕೆಳಗಾಗಿದೆ. ಗೇರಿನಲ್ಲಿದ್ದು, ಕಾಲು ಪೂರ್ತಿ ತೆಗೆದಿದ್ದು, ಆರ್‌ಪಿಎಂ ಐಡ್ಲಿಂಗ್‌ಗಿಂತ ಸಾಕಷ್ಟು ಮೇಲಿದ್ದರೆ ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನೇ ಮುಚ್ಚಿಬಿಡುತ್ತದೆ. ಆಗಿನ ಖರ್ಚು ಶೂನ್ಯ. ಮುಳ್ಳು 4000 ತೋರಿಸುತ್ತಿದ್ದರೂ ಶೂನ್ಯವೇ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಬದುಕಿರಲು ಇಂಧನ ಕುಡಿಯಲೇಬೇಕು. ಸಣ್ಣ ಕಾರಿಗೆ ಅದು ಗಂಟೆಗೆ ಅರ್ಧದಿಂದ ಒಂದು ಲೀಟರಿನ ಆಸುಪಾಸು.

ಒಂದು ಮಾತನ್ನು ತಂದೆಯವರ ಪರವಾಗಿ ಹೇಳಬೇಕು. ತೀರಾ ಸಣ್ಣ ಇಳಿಜಾರಿನಲ್ಲಿ ಗೇರಿನಲ್ಲಿದ್ದರೆ ಕಾರು ನಿಧಾನವಾಗಿ ಮತ್ತೆ ಆ್ಯಕ್ಸಿಲರೇಟರ್ ಒತ್ತಬೇಕಾಗುತ್ತದೆ, ನ್ಯೂಟ್ರಲ್‌ನಲ್ಲಿ ಇನ್ನೂ ದೂರ ಉರುಳುತ್ತದೆ. ಅಲ್ಲಿ ಒಂದೆರಡು ಹನಿ ಉಳಿಯಬಹುದು. ಆದರೆ ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್ ಎಂದರೆ ಕಾರಿನ ಪೂರ್ತಿ ಭಾರವನ್ನು ಬ್ರೇಕ್ ಒಂದರ ತಲೆಗೆ ಕಟ್ಟಿದಂತೆ. ಕೀ ತಿರುಗಿಸಿ ಎಂಜಿನ್ನನ್ನೇ ಆರಿಸುವವರೂ ಇದ್ದಾರೆ, ಅದು ಶುದ್ಧ ಹುಚ್ಚು. ಪೆಡಲ್ ಒತ್ತುವುದನ್ನು ಹಗುರಾಗಿಸುವ ಬ್ರೇಕ್ ಬೂಸ್ಟರ್‌ಗೆ ಎರಡು ಮೂರು ಸಲ ಒತ್ತುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗ್ ಹೋಗುತ್ತದೆ. ಕೀ ಹೊರಬಂದರೆ ಸ್ಟಿಯರಿಂಗ್ ಬೀಗ ಬೀಳಬಹುದು.

ಎಂಜಿನ್ ಅಷ್ಟು ಜೋರಾಗಿ ಕಿರುಚುತ್ತದೆ. ಅದು ಹಾಳಾಗುವುದಿಲ್ಲವೇ?

ಕೆಂಪು ಗೆರೆಯ ಕೆಳಗಿರುವಷ್ಟೂ ಇಲ್ಲ. ಏರಿನಲ್ಲಿ 3500 ಆರ್‌ಪಿಎಂ ಕೇಳಿಸಿದಾಗ ಯಾರೂ ಗಾಬರಿಯಾಗುವುದಿಲ್ಲ, ಇಳಿಜಾರಿನಲ್ಲಿ ಅದೇ ಸದ್ದು ಹೆದರಿಸುತ್ತದೆ. ವಾಸ್ತವದಲ್ಲಿ ಇಳಿಯುವಾಗಿನ ಎಂಜಿನ್ನಿಗೆ ಸುಖ ಹೆಚ್ಚು: ಒಳಗೆ ಸ್ಫೋಟವಿಲ್ಲ, ಉರಿಯ ಬಿಸಿಯಿಲ್ಲ, ಆಯಿಲ್ ಮಾತ್ರ ಸರಾಗವಾಗಿ ಓಡುತ್ತಿರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಟೆಂಪರೇಚರ್ ಮುಳ್ಳು ಕೆಳಗಿಳಿಯುವುದನ್ನು ಕೆಲವು ಕಾರುಗಳಲ್ಲಿ ಕಣ್ಣಾರೆ ನೋಡಬಹುದು.

ಇಳಿಜಾರು ಮುಗಿಸಿ ಆ್ಯಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂತು. ಎಂಜಿನ್ ಬ್ರೇಕಿಂಗ್‌ನಿಂದ ಆಯಿತೇ?

ಅದು ರೋಗ ತಂದದ್ದಲ್ಲ, ಇದ್ದ ರೋಗವನ್ನು ತೋರಿಸಿಕೊಟ್ಟದ್ದು. ಥ್ರಾಟಲ್ ಮುಚ್ಚಿದಾಗ ಉಂಟಾಗುವ ನಿರ್ವಾತ, ಸವೆದ ವಾಲ್ವ್ ಸೀಲ್‌ಗಳ ಸಂದಿನಿಂದ ಆಯಿಲನ್ನು ಒಳಗೆ ಎಳೆದಿದೆ. ಮತ್ತೆ ಇಂಧನ ಬಂದಾಗ ಅದು ಉರಿದಿದೆ. ಆಯಿಲ್ ಮಟ್ಟ ನೋಡಿ, ಮೆಕ್ಯಾನಿಕ್‌ಗೆ ಇದೇ ಲಕ್ಷಣವನ್ನು ಹೇಳಿ.

ಬ್ರೇಕ್ ಪ್ಯಾಡ್ ಉಳಿಸಲು ಹೋಗಿ ಕ್ಲಚ್ ಸವೆಸಿದಂತಾಗುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಗೇರು ಬದಲಿಸದೆ ಕಾಲು ತೆಗೆದು ನಿಧಾನಿಸುವುದರಿಂದ ಕ್ಲಚ್ಚಿಗೆ ಎಳ್ಳಷ್ಟೂ ಸವಕಳಿಯಿಲ್ಲ, ಅದರ ಎರಡು ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡೇ ತಿರುಗುತ್ತಿರುತ್ತವೆ. ಸವಕಳಿ ಆಗುವುದು ಗೇರು ಇಳಿಸಿ ಕ್ಲಚ್ ಬಿಡುವಾಗ. ಆಗ ನಿಧಾನವಾಗಿ ತಿರುಗುತ್ತಿರುವ ಎಂಜಿನ್ನನ್ನು ಕ್ಲಚ್ ತಿಕ್ಕಿ ತಿಕ್ಕಿ ವೇಗಕ್ಕೆ ಎಳೆಯಬೇಕು. ಇಳಿಜಾರಿನ ಆರಂಭದಲ್ಲಿ ಒಂದು ಸಲ ಹೀಗಾದರೆ ಲೆಕ್ಕಕ್ಕಿಲ್ಲ. ಪ್ರತಿ ಸಿಗ್ನಲ್‌ನಲ್ಲೂ ಮೂರು ಮೂರು ಸಲ ಮಾಡಿದರೆ ಲೆಕ್ಕಕ್ಕಿದೆ. ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿದರೆ ಸಾಕು, ಕ್ಲಚ್ ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಯಾವುದನ್ನು ಉಳಿಸಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು.

## ಇಳಿಜಾರಿನ ರಸ್ತೆಯಲ್ಲಿ

ಘಟ್ಟ ಇಳಿಯಲು ಯಾವ ಗೇರು ಸರಿ?

ಅದೇ ರಸ್ತೆಯನ್ನು ಹತ್ತುವುದಾದರೆ ಯಾವ ಗೇರು ಬೇಕಾಗುತ್ತಿತ್ತೋ ಅದು. ಇದು ಹಳೆಯ ಚಾಲಕರ ಮಾತು, ಆರಂಭಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಈಗಿನ ಎಂಜಿನ್‌ಗಳು ಮೂರನೇ ಗೇರಿನಲ್ಲೇ ಸಲೀಸಾಗಿ ಹತ್ತುವ ರಸ್ತೆಯನ್ನು ಇಳಿಯಲು ಎರಡು ಬೇಕಾಗುವುದುಂಟು. ಹಾಗಾಗಿ ಕೊನೆಯ ತೀರ್ಪು ಸ್ಪೀಡೋಮೀಟರಿನದು. ಕಾಲು ಪೂರ್ತಿ ತೆಗೆದಾಗ ವೇಗ ಒಂದೇ ಸಮನೆ ನಿಂತರೆ ಗೇರು ಸರಿ. ಏರುತ್ತಲೇ ಹೋಗಿ ಮತ್ತೆ ಮತ್ತೆ ಬ್ರೇಕ್ ಬೇಕಾಗುತ್ತಿದ್ದರೆ ಇನ್ನೊಂದು ಇಳಿಸಿ. ಕಾರು ತುಂಬಾ ಜನ, ಸಾಮಾನು ಇದ್ದರೆ ಎಂದಿನದಕ್ಕಿಂತ ಒಂದು ಕೆಳಗಿನದು. ಮುಖ್ಯವಾದದ್ದು, ಗೇರು ಇಳಿಸುವ ಕೆಲಸ ಇಳಿಜಾರು ಶುರುವಾಗುವ ಮೊದಲೇ ಮುಗಿದಿರಲಿ.

ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇಳಿದರೆ ಏನು ನಷ್ಟ? ಈವರೆಗೆ ಏನೂ ಆಗಿಲ್ಲ.

ಏನೂ ಆಗದಿರುವುದು ಇಳಿಜಾರು ಚಿಕ್ಕದಾಗಿದ್ದ ಪುಣ್ಯ. ಲೆಕ್ಕ ಹಾಕಿ ನೋಡೋಣ. 1200 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಬಿಡುಗಡೆಯಾಗುವ ಶಕ್ತಿ ಸುಮಾರು 59 ಲಕ್ಷ ಜೂಲ್. 25 ಡಿಗ್ರಿಯಲ್ಲಿರುವ 18 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಗಾಳಿಯ ತಡೆ, ಟೈರಿನ ಉರುಳುವಿಕೆ ಒಂದು ಪಾಲು ನುಂಗುತ್ತವೆ. ಎಂಜಿನ್ ನೆರವಾಗದಿದ್ದರೆ ಮಿಕ್ಕಿದ್ದೆಲ್ಲ ಕೆಲವೇ ಕಿಲೋ ಕಬ್ಬಿಣದ ಡಿಸ್ಕ್‌ಗಳಲ್ಲಿ ಬಿಸಿಯಾಗಿ ಇಳಿಯಬೇಕು. ಕಾಲನ್ನು ಎತ್ತದೆ ಇಟ್ಟುಕೊಂಡಿದ್ದರೆ ಅವಕ್ಕೆ ತಣಿಯಲು ಬಿಡುವೇ ಇಲ್ಲ.

ಆಮೇಲೆ ಎರಡು ರೀತಿಯಲ್ಲಿ ಬ್ರೇಕ್ ಸೋಲುತ್ತದೆ. ಒಂದು, ಅತಿ ಬಿಸಿಯಾದ ಪ್ಯಾಡಿನ ಹಿಡಿತ ಕುಸಿಯುತ್ತದೆ: ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಕೇಳುವುದಿಲ್ಲ. ಇನ್ನೊಂದು ಅದಕ್ಕಿಂತ ಭೀಕರ, ಬ್ರೇಕ್ ಆಯಿಲೇ ಕುದಿಯುತ್ತದೆ. ದ್ರವವನ್ನು ಅದುಮಲಾಗದು ಎಂಬ ನಂಬಿಕೆಯ ಮೇಲೆ ಇಡೀ ಬ್ರೇಕ್ ನಿಂತಿದೆ, ಆವಿಯನ್ನು ಅದುಮಬಹುದು. ಪೆಡಲ್ ಸ್ಪಂಜಿನಂತಾಗಿ ನೆಲ ಮುಟ್ಟುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರುತ್ತದೆ, ತೇವ ಕುಡಿದ ಆಯಿಲಿಗೆ ಅದೇ ನಿಯಮ ಇಟ್ಟಿರುವ ಮಿತಿ 155 ಡಿಗ್ರಿ ಮಾತ್ರ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಹುತೇಕ ಕಾರುಗಳ ಕೈಪಿಡಿ ಹೇಳುವುದು ಇದಕ್ಕೇ. ಜನ ಮರೆಯುವುದೂ ಇದನ್ನೇ.

ಸರಿಯಾದ ಗೇರಿನಲ್ಲಿದ್ದೂ ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗವನ್ನು ಹತ್ತು ಕಿಲೋಮೀಟರಿನಷ್ಟು ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮತ್ತೆ ಏರಿದರೆ ಮತ್ತೆ ಹಾಗೆಯೇ.

ಇಳಿಯುತ್ತಿರುವಾಗ ಸುಟ್ಟ ವಾಸನೆ ಬಂದರೆ?

ಮೂಗು ಹೇಳಿದ್ದನ್ನು ನಂಬಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮತ್ತೆ ಹೊರಟಾಗ ಒಂದು ಗೇರು ಕೆಳಗೆ. ನಾನೂ ಒಮ್ಮೆ ಈ ವಾಸನೆಯನ್ನು ಮುಂದಿನ ಲಾರಿಯದು ಎಂದುಕೊಂಡು ಎರಡು ತಿರುವು ಹೆಚ್ಚಿಗೆ ಇಳಿದಿದ್ದೆ. ನಿಲ್ಲಿಸಿ ಬಗ್ಗಿ ನೋಡಿದಾಗ ಹೊಗೆ ನನ್ನ ಚಕ್ರದಿಂದಲೇ ಬರುತ್ತಿತ್ತು.

ಬ್ರೇಕ್ ಪೂರ್ತಿ ಕೈಕೊಟ್ಟರೆ ಗೇರಿನಿಂದಲೇ ನಿಲ್ಲಿಸಬಹುದೇ?

ಪೂರ್ತಿ ನಿಲ್ಲಿಸಲು ಆಗದಿರಬಹುದು, ಜೀವ ಉಳಿಸುವಷ್ಟು ನಿಧಾನಿಸಬಹುದು. ಪೆಡಲನ್ನು ಬೇಗ ಬೇಗ ನಾಲ್ಕಾರು ಸಲ ಒತ್ತಿ ಬಿಡಿ, ಒಮ್ಮೊಮ್ಮೆ ಒತ್ತಡ ಮರಳುತ್ತದೆ. ಅದರ ಜೊತೆಗೇ ಒಂದೊಂದೇ ಗೇರು ಇಳಿಸುತ್ತಾ ಹೋಗಿ, ಪ್ರತಿ ಸಲವೂ ಕ್ಲಚ್ ಬಿಟ್ಟು ಎಂಜಿನ್ ಹಿಡಿಯಲು ಬಿಡಿ. ಮೊದಲ ಗೇರು ಬೇಗ ಕೂರುವುದಿಲ್ಲ. ಒತ್ತಾಯಿಸಲು ಹೋಗಿ ನ್ಯೂಟ್ರಲ್‌ನಲ್ಲೇ ಉಳಿದುಬಿಟ್ಟರೆ ಕೈಯಲ್ಲಿದ್ದ ಎರಡನೆಯದೂ ಹೋದಂತೆ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿ ಕಾರು ತಿರುಗುತ್ತದೆ. ಹಾರ್ನ್, ದೀಪ ಎರಡೂ ಇರಲಿ. ಏರಾದ ಪಕ್ಕದ ದಾರಿಯೋ, ಲಾರಿಗಳಿಗೆಂದು ಮಾಡಿದ ಜಲ್ಲಿಯ ಪಾರುದಾರಿಯೋ ಕಂಡರೆ ಹಿಂದೆ ಮುಂದೆ ನೋಡದೆ ನುಗ್ಗಿ.

ಗೇರಿನಿಂದ ನಿಧಾನಿಸಿದರೆ ಬ್ರೇಕ್ ದೀಪ ಹತ್ತುವುದಿಲ್ಲ. ಹಿಂದಿನವರು ಬಂದು ಗುದ್ದಿದರೆ?

ಕನ್ನಡಿ ನೋಡಿ. ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಬ್ರೇಕ್ ಪೆಡಲಿಗೆ ಕಾಲು ತಾಗಿಸಿ ದೀಪ ಹತ್ತಿಸಿ, ಆಮೇಲೆ ಗೇರು ಇಳಿಸಿ.

## ಇನ್ನೂ ಸ್ವಲ್ಪ ಆಳಕ್ಕೆ

ಗೇರು ಇಳಿಸಿ ಕ್ಲಚ್ ಬಿಟ್ಟಾಗ ಕಾರು ಮುಗ್ಗರಿಸುತ್ತದೆ. ನುಣುಪಾಗಿ ಮಾಡುವುದು ಹೇಗೆ?

ಮುಗ್ಗರಿಸುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವಾಗ ಅವನ್ನು ಒಮ್ಮೆಲೇ ಕೂಡಿಸುವುದರಿಂದ. ಅದೇ ವೇಗದಲ್ಲಿ ನಾಲ್ಕರಲ್ಲಿ 2000 ಇದ್ದ ಎಂಜಿನ್ ಮೂರರಲ್ಲಿ 2800ರ ಹತ್ತಿರ ಇರಬೇಕು. ಆ ಅಂತರವನ್ನು ನೀವೇ ತುಂಬಿಕೊಡಿ: ಕ್ಲಚ್ ಒತ್ತಿ ಗೇರು ಇಳಿಸುತ್ತಿರುವಾಗಲೇ ಆ್ಯಕ್ಸಿಲರೇಟರ್ ಅನ್ನು ಕ್ಷಣಮಾತ್ರ ಒತ್ತಿ, ಮುಳ್ಳು ಮೇಲೇರಿದ ಗಳಿಗೆಯಲ್ಲೇ ಕ್ಲಚ್ ಬಿಡಿ. ಸರಿ ಹೊಂದಿದರೆ ಗೇರು ಬದಲಾದದ್ದು ಪಕ್ಕದಲ್ಲಿ ಕುಳಿತವರಿಗೆ ತಿಳಿಯುವುದೂ ಇಲ್ಲ, ಕ್ಲಚ್ಚಿಗೂ ಸವಕಳಿಯಿಲ್ಲ. ಮೊದಲ ವಾರ ಹೆಚ್ಚೋ ಕಡಿಮೆಯೋ ಆಗುತ್ತದೆ, ಕಿವಿ ಬೇಗ ಕಲಿಯುತ್ತದೆ.

ಇದನ್ನೇ ಬ್ರೇಕ್ ಒತ್ತುತ್ತಾ ಅದೇ ಬಲಗಾಲಿನ ಅಂಚಿನಿಂದ ಆ್ಯಕ್ಸಿಲರೇಟರ್ ಮುಟ್ಟಿ ಮಾಡುವುದನ್ನು ಹೀಲ್ ಆ್ಯಂಡ್ ಟೋ ಎನ್ನುತ್ತಾರೆ. ರೇಸಿನವರಿಗೆ ಅಗತ್ಯ. ಸಾಮಾನ್ಯ ರಸ್ತೆಯಲ್ಲಿ, ನನ್ನ ಅಭಿಪ್ರಾಯದಲ್ಲಿ, ಶೋಕಿ.

ಗೇರು ಇಳಿಸುವಾಗ ನಿಜವಾಗಿ ಎಂಜಿನ್ ಒಡೆಯುವ ತಪ್ಪು ಯಾವುದು?

ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕುವುದು. ಎರಡೂ ಹಿಂದಕ್ಕೆ ಎಳೆಯುವ ಗೇರುಗಳು. ಕೈ ಅವಸರದಲ್ಲಿ ಎಡಕ್ಕೆ ಹೆಚ್ಚು ವಾಲಿದರೆ ಮುಗಿಯಿತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಐದರಲ್ಲಿ 3000 ಇದ್ದ ಎಂಜಿನ್ ಎರಡರಲ್ಲಿ 7000ದ ಆಸುಪಾಸಿಗೆ ಜಿಗಿಯಬೇಕಾಗುತ್ತದೆ. ರೆವ್ ಲಿಮಿಟರ್ ಇದೆಯಲ್ಲ ಎನ್ನಬೇಡಿ. ಅದು ಇಂಧನವನ್ನಷ್ಟೇ ತಡೆಯಬಲ್ಲದು, ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು. ವಾಲ್ವ್‌ಗಳು ಸಮಯಕ್ಕೆ ಮುಚ್ಚಲಾರದೆ ಪಿಸ್ಟನ್ನಿಗೆ ಬಡಿಯಬಹುದು. ಲಿವರನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಬೇಡಿ; ಅಂಗೈಯಿಂದ ಸಡಿಲವಾಗಿ ಹಿಂದಕ್ಕೆ ತಂದರೆ ಅದರ ಸ್ಪ್ರಿಂಗು ತಾನೇ ನಡುವಿನ ಸಾಲಿಗೆ ಒಯ್ಯುತ್ತದೆ. ಕ್ಲಚ್ ಬಿಡುವಾಗ ಎಂಜಿನ್ ಅನಿರೀಕ್ಷಿತವಾಗಿ ಊಳಿಡತೊಡಗಿದರೆ ತಕ್ಷಣ ಮತ್ತೆ ಒತ್ತಿ.

ಮಳೆಯಲ್ಲಿ, ಹಿಮದಲ್ಲಿ ಎಂಜಿನ್ ಬ್ರೇಕಿಂಗ್ ಹೆಚ್ಚು ಸುರಕ್ಷಿತ ಎನ್ನುತ್ತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. ಮೊದಲೇ ಸರಿಯಾದ ಗೇರಿನಲ್ಲಿದ್ದು ಮೆಲ್ಲಗೆ ಕಾಲು ತೆಗೆದರೆ ಅದರಷ್ಟು ಮೃದುವಾದ ಬ್ರೇಕ್ ಇನ್ನೊಂದಿಲ್ಲ. ಆದರೆ ಜಾರುವ ರಸ್ತೆಯಲ್ಲಿ ಗೇರು ಇಳಿಸಿ ಫಕ್ಕನೆ ಕ್ಲಚ್ ಬಿಟ್ಟರೆ, ಎಂಜಿನ್ನಿಗೆ ಜೋಡಿಸಿದ ಎರಡು ಚಕ್ರಗಳಷ್ಟೇ ಹಿಡಿತ ಕಳೆದುಕೊಂಡು ಜಾರುತ್ತವೆ. ಮುಂದಿನ ಚಕ್ರಗಳಾದರೆ ಸ್ಟಿಯರಿಂಗ್ ಮಾತು ಕೇಳದು, ಹಿಂದಿನವಾದರೆ ಕಾರೇ ಬುಗುರಿಯಾಗಬಹುದು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲಿ ನೆರವಿಗೆ ಬರುವುದಿಲ್ಲ, ಅದು ಕೆಲಸ ಮಾಡುವುದು ಬ್ರೇಕಿನ ಒತ್ತಡದ ಮೇಲೆ. ಹಾಗೆ ಜಾರಿದ್ದು ಗೊತ್ತಾದರೆ ಕ್ಲಚ್ ಒತ್ತಿ. ಚಕ್ರಗಳು ಸ್ವತಂತ್ರವಾಗಿ ಉರುಳಿ ಹಿಡಿತ ಮರಳುತ್ತದೆ.

ಎದುರಿಗೆ ಯಾರೋ ಅಡ್ಡ ಬಂದರೆ ಗೇರು ಇಳಿಸಲು ಸಮಯವಿರುತ್ತದೆಯೇ?

ಇಲ್ಲ, ಇಳಿಸಲೂ ಬೇಡಿ. ಎಬಿಎಸ್ ಇದ್ದರೆ ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿ, ಕ್ಲಚ್ಚನ್ನೂ ಒತ್ತಿ. ಕೈಗಳು ಸ್ಟಿಯರಿಂಗ್ ಮೇಲೇ ಇರಲಿ.

ಡೀಸೆಲ್ ಕಾರಿಗೆ ಕಂಪ್ರೆಷನ್ ಹೆಚ್ಚು. ಹಾಗಾದರೆ ಎಂಜಿನ್ ಬ್ರೇಕಿಂಗ್ ಕೂಡ ಹೆಚ್ಚು ಇರಬೇಕಲ್ಲವೇ?

ಹಾಗೆಂದು ತೋರುತ್ತದೆ, ಆದರೆ ಹೆಚ್ಚು ಅದುಮಿದ ಸ್ಪ್ರಿಂಗು ಹೆಚ್ಚು ಬಲದಿಂದಲೇ ಹಿಂದಿರುಗುತ್ತದೆ. ಜೊತೆಗೆ ಸಾಂಪ್ರದಾಯಿಕ ಡೀಸೆಲ್ ಎಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲೇ ಇಲ್ಲ. ಅದರ ವೇಗವನ್ನು ಇಂಧನದಿಂದ ನಿಯಂತ್ರಿಸುತ್ತಾರೆ. ಬಾಯಿ ಮುಚ್ಚದ ಸಿರಿಂಜನ್ನು ಎಳೆದಂತೆ. ಡೀಸೆಲ್ ಕಾರಿನಲ್ಲಿ ಸಿಗುವ ಹಿಡಿತ ಹೆಚ್ಚಾಗಿ ಭಾರವಾದ ಭಾಗಗಳ ತಿಕ್ಕಾಟದಿಂದ ಬಂದದ್ದು. ಹತ್ತಾರು ಟನ್ ಹೊರುವ ಲಾರಿಗೆ ಅದು ಯಾವ ಮೂಲೆಗೂ ಸಾಲದು. ಹಾಗಾಗಿಯೇ ಅವುಗಳಲ್ಲಿ ಹೊಗೆಕೊಳವೆಯನ್ನು ಅರೆಮುಚ್ಚಿ ತಡೆ ಒಡ್ಡುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ.

ಇನ್ನೂ ಜಾಣ ಉಪಾಯವೊಂದು ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸಿ ಕಮಿನ್ಸ್ ಅವರದು. 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುತ್ತಿದ್ದಾಗ ಅವರಿದ್ದ ಲಾರಿಯ ಬ್ರೇಕ್ ಸೋತು, ರೈಲಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅದನ್ನು ಮರೆಯದ ಅವರು ಮುಂದೆ ರೂಪಿಸಿದ ಬ್ರೇಕ್ 1961ರಲ್ಲಿ ಮಾರುಕಟ್ಟೆಗೆ ಬಂತು. ಪಿಸ್ಟನ್ ಗಾಳಿಯನ್ನು ಪೂರ್ತಿ ಅದುಮಿ ತುದಿ ಮುಟ್ಟುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ತೆರೆದುಬಿಡುತ್ತದೆ, ಅದುಮಿದ ಗಾಳಿ ಹೊರಗೆ ಹಾರಿಹೋಗುತ್ತದೆ. ಸ್ಪ್ರಿಂಗು ಹಿಂದಿರುಗಿಸಬೇಕಿದ್ದ ಶಕ್ತಿಯನ್ನು ಹೀಗೆ ನಡುದಾರಿಯಲ್ಲೇ ಕದಿಯುವುದರಿಂದ ಎಂಜಿನ್ ನಿಜವಾಗಿಯೂ ಬ್ರೇಕ್ ಆಗುತ್ತದೆ. ಇಳಿಜಾರಿನಲ್ಲಿ ಕೆಲವು ಭಾರಿ ಲಾರಿಗಳಿಂದ ಮದ್ದಿನ ಸರ ಸಿಡಿದಂತೆ ಕೇಳುವ ಸದ್ದು, ಆ ಗಾಳಿ ಹಾರುವ ಸದ್ದೇ. ಅಮೆರಿಕದಲ್ಲಿ ಎಷ್ಟೋ ಊರುಗಳ ಅಂಚಿನಲ್ಲಿ 'ಇಲ್ಲಿ ಎಂಜಿನ್ ಬ್ರೇಕ್ ಬಳಸಬೇಡಿ' ಎಂಬ ಫಲಕ ಕಾಣುವುದು ಈ ಸದ್ದಿನ ಕಾಟಕ್ಕೆ. ನಿಮ್ಮ ಕಾರಿಗೆ ಅದು ಅನ್ವಯಿಸುವುದಿಲ್ಲ.